ಪುಸ್ತಕ ತೆರೆದಿಟ್ಕೊಂಡೇ ಬರೀರಿ: ಪಿಕ್ಚರ್ ಬುಕ್ ಮಾಡೋರ ಬಗ್ಗೆ ಬರೆಯೋದು ಹೇಗೆ

ಮಕ್ಕಳ ಪಿಕ್ಚರ್ ಬುಕ್‌ಗೆ ಕಥೆನೂ ತಾವೇ ಬರೆದು ಚಿತ್ರಾನೂ ತಾವೇ ಬಿಡಿಸೋರು ಇರ್ತಾರಲ್ಲ, ಅಂಥವರೊಬ್ಬರ ಬಗ್ಗೆ ಬರೆಯೋಕೆ ಕೂತ್ರೆ ಹೆಚ್ಚಿನವರ ಕೈಯಿಂದ ಬರೋದು ಮೂರೇ ಮಾತು, ಚಿತ್ರ ಮುದ್ದಾಗಿದೆ, ಭಾಷೆ ಸರಳವಾಗಿದೆ, ಮಕ್ಕಳಿಗೆ ಒಳ್ಳೆ ನೀತಿ ಇದೆ. ಆಮೇಲೆ ಬಂದಿರೋ ಪ್ರಶಸ್ತಿಗಳ ಪಟ್ಟಿ ಅಂಟಿಸಿದ್ರೆ ಲೇಖನ ಮುಗೀತು. ನಾನೂ ಹಾಗೇ ಬರೆದವಳೇ, ಬೇರೆಯವರನ್ನ ಆಡ್ಕೊಳ್ತಿಲ್ಲ. ನನ್ನದು ಇನ್ನೂ ಒಂದು ಕೈ ಜಾಸ್ತಿ. ಅಮೆರಿಕದ ಮಾರಿಸ್ ಸೆಂಡಾಕ್ ಬಗ್ಗೆ ಮೊದಲ ಸಲ ಬರೆದಾಗ ಅವರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಪುಸ್ತಕ ಪಕ್ಕದಲ್ಲಿ ಇರ್ಲಿಲ್ಲ, ಎಷ್ಟು ಸಲ ಓದಿದೀನಿ ಬಿಡು ಅಂತ ನೆನಪಿಂದಲೇ ಬರೆದೆ, ಕೊನೆಯಲ್ಲಿ ಅಮ್ಮ ಊಟ ತಗೊಂಡು ಬಾಗಿಲಲ್ಲಿ ನಿಂತಿರೋ ಚಿತ್ರ ಎಷ್ಟು ಮನಸ್ಸಿಗೆ ತಟ್ಟುತ್ತೆ ಅಂತ ಒಂದು ಪ್ಯಾರಾ ಪೂರ್ತಿ ಬರೆದುಬಿಟ್ಟೆ. ಆ ಪುಸ್ತಕದಲ್ಲಿ ಅಂಥ ಚಿತ್ರ ಇಲ್ಲವೇ ಇಲ್ಲ. ಅಮ್ಮನ್ನ ಸೆಂಡಾಕ್ ಒಂದು ಪುಟದಲ್ಲೂ ಬಿಡಿಸಿಲ್ಲ. ನನ್ನ ತಲೆ ತಾನೇ ಬಿಡಿಸಿ ಅಲ್ಲಿ ಸೇರಿಸಿಕೊಂಡಿತ್ತು.

ಆ ಅವಮಾನದಿಂದ ಕಲಿತ ವಿಧಾನ ಇದು. ಯಾರ ಬಗ್ಗೆ ಬೇಕಾದ್ರೂ ಬಳಸಬಹುದು, ಆದ್ರೆ ಉದಾಹರಣೆ ಇಲ್ದೆ ಹೇಳಿದ್ರೆ ಗಾಳಿಲಿ ತೇಲುತ್ತೆ, ಅದಕ್ಕೆ ಸೆಂಡಾಕ್ ಒಬ್ಬರನ್ನೇ ಹಿಡ್ಕೊಂಡು ಹೋಗ್ತೀನಿ. 1928ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು, ಪೋಲೆಂಡ್ ಕಡೆಯಿಂದ ಬಂದ ಯಹೂದಿ ಮನೆತನ, 2012ರಲ್ಲಿ ತೀರಿಕೊಂಡ್ರು. ಇವರನ್ನ ಹೊಗಳಿದವರೂ ಬೇಕಾದಷ್ಟು ಜನ, ಬೈದವರೂ ಬೇಕಾದಷ್ಟು ಜನ, ಪಾಠಕ್ಕೆ ಅಂಥವರೇ ಬೇಕು.

ಮೊದಲು ಮೂರು ರಾಶಿ ಮಾಡ್ಕೊಳ್ಳಿ

ಆ ವ್ಯಕ್ತಿಯ ಪುಸ್ತಕಗಳನ್ನೆಲ್ಲ ಒಂದೇ ಪಟ್ಟಿಗೆ ತುರುಕಬೇಡಿ. ಬೇರೆಯವರ ಕಥೆಗೆ ಚಿತ್ರ ಬಿಡಿಸಿದ್ದು ಒಂದು ರಾಶಿ, ತಾವು ಬರೆದು ಇನ್ನೊಬ್ಬರು ಚಿತ್ರ ಬಿಡಿಸಿದ್ದು ಇನ್ನೊಂದು, ಎರಡೂ ತಾವೇ ಮಾಡಿದ್ದು ಮೂರನೇದು. ಸೆಂಡಾಕ್ ವಿಷಯದಲ್ಲಿ ಮೊದಲನೇ ರಾಶಿನೇ ಗುಡ್ಡದಷ್ಟಿದೆ, 1950ರ ದಶಕದಲ್ಲಿ ಅವರು ಹೊಟ್ಟೆ ಹೊರೆದಿದ್ದೇ ಅದರಲ್ಲಿ. 1952ರಲ್ಲಿ ರೂತ್ ಕ್ರಾಸ್ ಅವರ ಪುಸ್ತಕಕ್ಕೆ ಬಿಡಿಸಿದ ಪುಟ್ಟ ಪುಟ್ಟ ಮಕ್ಕಳಿಂದ ಹೆಸರು ಬಂತು, 1957ರಿಂದ ಎಲ್ಸಾ ಮಿನಾರಿಕ್ ಅವರ ಪುಟ್ಟ ಕರಡಿ ಕಥೆಗಳಿಗೆ ಬಿಡಿಸಿದ್ರು. ಕಥೆ ಚಿತ್ರ ಎರಡೂ ತಮ್ಮದೇ ಆದ ಮೊದಲ ಪುಸ್ತಕ ಬಂದಿದ್ದು 1956ರಲ್ಲಿ. ಈ ರಾಶಿ ಮಾಡೋದು ಯಾಕೆ ಮುಖ್ಯ ಅಂದ್ರೆ, ಬೇರೆಯವರ ಕಥೆಗೆ ಬಿಡಿಸುವಾಗ ಚಿತ್ರಕಾರ ಮಾತನ್ನ ಅಳಿಸೋ ಹಾಗಿಲ್ಲ. ಎರಡೂ ತನ್ನದೇ ಆದಾಗ ಚಿತ್ರ ಹೇಳೋದನ್ನ ಮಾತಿಂದ ಕಿತ್ತು ಬಿಸಾಕಬಹುದು. ಎಷ್ಟು ಕಿತ್ತು ಬಿಸಾಕಿದಾರೆ ಅನ್ನೋದೇ ನೀವು ನೋಡಬೇಕಾದ ಮೊದಲ ವಿಷಯ.

ಇನ್ನೊಬ್ಬರನ್ನ ಮರೀಬೇಡಿ, ಎಡಿಟರ್. ಪಿಕ್ಚರ್ ಬುಕ್ ಬಗ್ಗೆ ಬರೆಯುವಾಗ ಇವರನ್ನ ಯಾರೂ ಹೆಸರಿಸಲ್ಲ. ಸೆಂಡಾಕ್‌ಗೆ ಹಾರ್ಪರ್ ಪ್ರಕಾಶನದ ಉರ್ಸುಲಾ ನಾರ್ಡ್‌ಸ್ಟ್ರಾಮ್ ಇದ್ರು, ಅವರು ಇಲ್ದೇ ಇದ್ರೆ ಕಥೆ ಬೇರೆನೇ ಆಗ್ತಿತ್ತು.

ಒಂದೇ ಪುಸ್ತಕ ತಗೊಳ್ಳಿ, ನಾಲ್ಕು ಸಲ ಓದಿ

ಇಪ್ಪತ್ತು ಪುಸ್ತಕ ಮೇಲಿಂದ ಮೇಲೆ ನೋಡೋದಕ್ಕಿಂತ ಒಂದನ್ನ ಬಿಚ್ಚಿ ನೋಡೋದು ವಾಸಿ. ನಾನು ತಗೊಂಡಿದ್ದು 1963ರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’. ಕಥೆ ಗೊತ್ತಿಲ್ದೇ ಇರೋರಿಗೆ ಎರಡು ಸಾಲಲ್ಲಿ ಹೇಳ್ತೀನಿ: ಮ್ಯಾಕ್ಸ್ ಅನ್ನೋ ಹುಡುಗ ತೋಳದ ವೇಷ ಹಾಕ್ಕೊಂಡು ಮನೇಲಿ ರಂಪ ಮಾಡ್ತಾನೆ, ಅಮ್ಮ ಬೈದು ಊಟ ಕೊಡದೇ ರೂಮಿಗೆ ಕಳಿಸ್ತಾಳೆ, ರೂಮಲ್ಲಿ ಕಾಡು ಬೆಳೆಯುತ್ತೆ, ದೋಣಿ ಹತ್ತಿ ಭಯಂಕರ ಪ್ರಾಣಿಗಳಿರೋ ಜಾಗಕ್ಕೆ ಹೋಗಿ ಅವುಗಳಿಗೆ ರಾಜ ಆಗ್ತಾನೆ, ಆಮೇಲೆ ಬೇಜಾರಾಗಿ ವಾಪಸ್ ಬಂದ್ರೆ ಊಟ ಕಾದಿರುತ್ತೆ. ಅಷ್ಟೇ. ಇಂಗ್ಲಿಷ್‌ನಲ್ಲಿ ಒಟ್ಟು 338 ಪದ.

ಪಿಕ್ಚರ್ ಬುಕ್‌ಗಳಲ್ಲಿ ಸಾಮಾನ್ಯವಾಗಿ ಪುಟದ ನಂಬರ್ ಹಾಕಿರಲ್ಲ, ಹಾಗಾಗಿ ಬೇರೆ ಹಾಳೆ ಮೇಲೆ ನೀವೇ ನಂಬರ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ ಆ ದೋಣಿ ಚಿತ್ರ ಎಲ್ಲಿತ್ತು ಅಂತ ಹುಡುಕೋದರಲ್ಲೇ ಸಾಯಂಕಾಲ ಆಗುತ್ತೆ. ದೊಡ್ಡ ಶೀಟ್ ಮೇಲೆ ಪ್ರಿಂಟ್ ಮಾಡಿ ಮಡಚಿ ಕತ್ತರಿಸೋದರಿಂದ ಪುಟಗಳ ಲೆಕ್ಕ ಹೆಚ್ಚಾಗಿ ಎಂಟರ ಮಗ್ಗಿಲೇ ಬರೋದು, 24, 32, 40 ಹೀಗೆ, 32 ಬಹಳ ಸಾಮಾನ್ಯ. ಇಷ್ಟೇ ಜಾಗ ಅಂತ ಮೊದಲೇ ಗೊತ್ತಿದ್ದು ಮಾಡೋ ಕೆಲಸ ಇದು, ಕಾದಂಬರಿ ತರ ಇನ್ನೆರಡು ಪುಟ ಬೇಕು ಅಂತ ಎಳೆಯೋಕಾಗಲ್ಲ.

ಮೊದಲನೇ ಸಲ ಜೋರಾಗಿ ಓದಿ. ಮನಸ್ಸಲ್ಲಿ ಬೇಡ, ಬಾಯಿಬಿಟ್ಟು. ಎರಡನೇ ಸಲ ಮಾತುಗಳನ್ನ ಮಾತ್ರ ಒಂದು ಹಾಳೆಗೆ ಬರ್ಕೊಳ್ಳಿ, ಪುಟ ತಿರುಗಿಸೋ ಜಾಗದಲ್ಲೆಲ್ಲ ಒಂದು ಗೀಟು ಎಳೀರಿ. ಇಲ್ಲೇ ಮಜಾ ಶುರು ಆಗೋದು. ಸೆಂಡಾಕ್ ಪುಸ್ತಕದ ಮೊದಲ ವಾಕ್ಯ ಮೊದಲ ಪುಟದಲ್ಲಿ ಮುಗಿಯೋದೇ ಇಲ್ಲ, ಒಂದು ತರದ ತುಂಟತನ ಅಂತ ನಿಲ್ಲುತ್ತೆ, ಪುಟ ತಿರುಗಿಸಿದ್ರೆ ಇನ್ನೊಂದು ತರದ್ದು ಅಂತ ಮುಂದುವರಿಯುತ್ತೆ, ಮತ್ತೆ ತಿರುಗಿಸಿದ್ಮೇಲೇ ಅಮ್ಮ ಬೈದು ಮಲಗೋಕೆ ಕಳಿಸಿದ್ದು ಬಂದು ಫುಲ್‌ಸ್ಟಾಪ್ ಬೀಳೋದು. ಓದೋರ ಉಸಿರು ಹಿಡಿದು ಪುಟ ತಿರುಗಿಸೋ ಹಾಗೆ ಮಾಡ್ತಾರೆ. ಇದು ನಿಮಗೆ ಜೋರಾಗಿ ಓದದೇ ಇದ್ರೆ ಗೊತ್ತಾಗೋದೇ ಇಲ್ಲ.

ಮೂರನೇ ಸಲ ಮಾತಿನ ಮೇಲೆ ಪೇಪರ್ ಮುಚ್ಚಿಟ್ಟು ಚಿತ್ರ ಮಾತ್ರ ನೋಡಿ. ನಾಲ್ಕನೇ ಸಲ ಕೈಯಲ್ಲಿ ಪೆನ್ಸಿಲ್. ಎದುರುಬದುರು ಎರಡು ಪುಟಕ್ಕೆ ಒಂದು ಆಯತ ಹಾಕಿ, ನಡುವೆ ಗೀಟು, ಚಿತ್ರ ಎಷ್ಟು ಜಾಗ ತಗೊಂಡಿದೆಯೋ ಅಷ್ಟಕ್ಕೆ ಶೇಡ್ ಹೊಡೀರಿ. ಚಿತ್ರ ಬಿಡಿಸೋಕೆ ಬರಲ್ಲ ಅನ್ನೋ ನೆಪ ಬೇಡ, ಇದು ಬರೀ ಡಬ್ಬಿಗೆ ಕಪ್ಪು ಬಳಿಯೋ ಕೆಲಸ.

ಡಬ್ಬಿಗಳು ಹೇಳೋ ಕಥೆ

ನಾನು ಈ ಡಬ್ಬಿಗಳನ್ನ ಹಾಕಿ ಸಾಲಾಗಿ ಇಟ್ಟು ನೋಡಿದ ದಿನ ನಿಜವಾಗ್ಲೂ ಕುರ್ಚಿಯಿಂದ ಎದ್ದು ನಿಂತೆ. ಶುರುವಿನಲ್ಲಿ ಎಡಪುಟ ಬರೀ ಮಾತು, ಬಲಪುಟದ ನಡುವೆ ಸಣ್ಣ ಚಿತ್ರ, ಸುತ್ತಲೂ ಬಿಳಿ ಅಂಚು. ಮ್ಯಾಕ್ಸ್ ಮನೇಲಿ ಇರೋವರೆಗೂ ಚಿತ್ರ ಡಬ್ಬಿ ಒಳಗೇ ಇರುತ್ತೆ. ರೂಮಲ್ಲಿ ಕಾಡು ಬೆಳೆಯೋಕೆ ಶುರು ಆದ ಹಾಗೆ ಚಿತ್ರಾನೂ ಬೆಳೆಯುತ್ತೆ, ಬಿಳಿ ಅಂಚು ಕರಗುತ್ತಾ ಹೋಗುತ್ತೆ, ಬಲಪುಟ ಪೂರ್ತಿ ತುಂಬುತ್ತೆ. ದೋಣಿ ಹತ್ತೋ ಹೊತ್ತಿಗೆ ನಡುವಿನ ಮಡಿಕೆ ದಾಟಿ ಎಡಪುಟಕ್ಕೆ ಚೆಲ್ಲುತ್ತೆ. ಪ್ರಾಣಿಗಳ ಜಾಗಕ್ಕೆ ಬಂದಾಗ ಎರಡೂ ಪುಟದಗಲ ಹರಡಿ ಮಾತು ಕೆಳಗಿನ ಪಟ್ಟಿಗೆ ಇಳಿಯುತ್ತೆ. ಆಮೇಲೆ ಮ್ಯಾಕ್ಸ್ ರಾಜ ಆಗಿ ಕುಣಿತ ಶುರು ಮಾಡಿಸಿದ ಮೇಲೆ ಮೂರು ಸ್ಪ್ರೆಡ್, ಅಂದ್ರೆ ಆರು ಪುಟ, ಒಂದೇ ಒಂದು ಅಕ್ಷರ ಇಲ್ಲ. ಬರೀ ಚಿತ್ರ, ಅಂಚೂ ಇಲ್ಲ. ಮಾತು ಅನ್ನೋದು ಮನೆ, ಅಮ್ಮ, ಶಿಸ್ತು ಇವರ ಕಡೆದು ಅಂತ ಇಟ್ಕೊಂಡ್ರೆ ಆ ಆರು ಪುಟದಲ್ಲಿ ಅವರ್ಯಾರೂ ಇಲ್ಲ. ಕುಣಿತ ನಿಲ್ಲಿಸಿದ ಮೇಲೆ ಚಿತ್ರ ಮತ್ತೆ ಕುಗ್ಗೋಕೆ ಶುರು, ಮಾತು ವಾಪಸ್ ಬರುತ್ತೆ, ಮ್ಯಾಕ್ಸ್ ರೂಮಿಗೆ ಬರೋ ಹೊತ್ತಿಗೆ ಚಿತ್ರ ಬಲಪುಟಕ್ಕೆ ಸೀಮಿತ. ಆದ್ರೆ ಗಮನಿಸಿ, ಮೊದಲಿನ ಸಣ್ಣ ಡಬ್ಬಿಗೆ ಅದು ವಾಪಸ್ ಹೋಗಲ್ಲ, ಪುಟ ತುಂಬಾ ಇದೆ. ಹೋದಾಗ ಇದ್ದ ರೂಮೇ, ಆದ್ರೆ ಚಿಕ್ಕದಾಗಿಲ್ಲ ಈಗ.

ಕೊನೇ ಪುಟ ತಿರುಗಿಸಿದ್ರೆ ಚಿತ್ರವೇ ಇಲ್ಲ. ಬಿಳಿ ಪುಟ, ಊಟ ಇನ್ನೂ ಬಿಸಿಯಾಗೇ ಇತ್ತು ಅನ್ನೋ ಅರ್ಥದ ಐದು ಪದ, ಅಷ್ಟೇ. ನನ್ನ ತಲೆ ಅಮ್ಮನ ಚಿತ್ರ ಬಿಡಿಸಿಕೊಂಡಿದ್ದು ಈ ಖಾಲಿ ಜಾಗದಲ್ಲೇ ಅಂತ ಆಗ ಹೊಳೀತು. ಯಾರೋ ಊಟ ತಂದಿಟ್ಟಿದಾರೆ, ಬಿಸಿ ಆರೋಕೆ ಮುಂಚೆ. ಆ ಯಾರೋ ನಮಗೆ ಕಾಣಲ್ಲ. ಈ ಬಿಸಿ ಅನ್ನೋ ಪದಕ್ಕೂ ಜಗಳ ನಡೆದಿತ್ತಂತೆ, ಬಿಸಿ ಅಂದ್ರೆ ಮಗು ಬಾಯಿ ಸುಟ್ಕೊಳ್ಳುತ್ತೆ, ಬೆಚ್ಚಗೆ ಅಂತ ಹಾಕೋಣ ಅಂತ ಪ್ರಕಾಶನದ ಕಡೆಯಿಂದ ಒತ್ತಾಯ ಬಂದಿದ್ದನ್ನ ಸೆಂಡಾಕ್ ಸಂದರ್ಶನದಲ್ಲಿ ಹೇಳ್ಕೊಂಡಿದಾರೆ. ಅವರು ಬಗ್ಗಲಿಲ್ಲ. ಬೆಚ್ಚಗೆ ಅಂದ್ರೆ ಊಟ ಇಟ್ಟು ತುಂಬಾ ಹೊತ್ತಾಗಿದೆ ಅಂತ ಅರ್ಥ, ಬಿಸಿ ಅಂದ್ರೆ ಈಗ ತಾನೇ ಇಟ್ಟು ಹೋದ್ರು ಅಂತ. ನನಗಂತೂ ಇಡೀ ಪುಸ್ತಕ ಆ ಒಂದು ಪದದ ಮೇಲೆ ನಿಂತಿದೆ ಅನ್ಸುತ್ತೆ.

ಡಬ್ಬಿ ಆದ್ಮೇಲೆ ಒಂದು ಹಾಳೆ ತಗೊಂಡು ನಡುವೆ ಗೀಟು ಎಳೆದು ಎಡಕ್ಕೆ ‘ಮಾತು ಹೇಳಿದ್ದು’ ಬಲಕ್ಕೆ ‘ಚಿತ್ರ ಮಾತ್ರ ಹೇಳಿದ್ದು’ ಅಂತ ಬರೀರಿ. ಬಲಗಡೆ ಸಿಕ್ಕಿದ್ದೇ ನಿಮ್ಮ ಲೇಖನದ ಬಂಡವಾಳ. ನನಗೆ ಸಿಕ್ಕಿದ್ದು ಕೆಲವು: ಮ್ಯಾಕ್ಸ್ ನಾಯಿ ಅಟ್ಟಿಸಿಕೊಂಡು ಹೋಗೋ ಚಿತ್ರದಲ್ಲಿ ಗೋಡೆ ಮೇಲೆ ಒಂದು ಭಯಂಕರ ಮುಖದ ಚಿತ್ರ ಅಂಟಿಸಿದೆ, ಕೆಳಗೆ ಮ್ಯಾಕ್ಸ್ ಬರೆದದ್ದು ಅಂತ ಸಹಿ ಬೇರೆ, ಅಂದ್ರೆ ಮುಂದೆ ಬರೋ ಪ್ರಾಣಿಗಳು ಎಲ್ಲಿಂದ ಬಂದವು ಅಂತ ಮೊದಲೇ ಹೇಳಿಬಿಟ್ಟಿದಾರೆ, ಮಾತಲ್ಲಿ ಒಂದಕ್ಷರ ಇಲ್ಲ. ರೂಮಿನ ಕಿಟಕಿಯಲ್ಲಿ ಹೋಗುವಾಗ ಇದ್ದ ಕೊಂಕು ಚಂದ್ರ ವಾಪಸ್ ಬಂದಾಗ ಪೂರ್ತಿ ದುಂಡಗೆ. ಒಂದೇ ರಾತ್ರಿನಾ, ಎಷ್ಟೋ ದಿನ ಆಗಿದೆಯಾ? ಮಾತು ಒಂದು ವರ್ಷ ಅಂತ ಹೇಳುತ್ತೆ, ಊಟದ ಬಿಸಿ ಕೆಲವು ನಿಮಿಷ ಅನ್ನುತ್ತೆ, ಚಂದ್ರ ತನ್ನದೇ ಮೂರನೇ ಲೆಕ್ಕ ಹೇಳುತ್ತೆ. ಕೊನೇ ಚಿತ್ರದಲ್ಲಿ ಮ್ಯಾಕ್ಸ್ ತೋಳದ ಟೋಪಿ ತಲೆಯಿಂದ ಹಿಂದಕ್ಕೆ ಸರಿಸಿಕೊಂಡಿದಾನೆ, ಮನುಷ್ಯರ ಕೂದಲು ಕಾಣುತ್ತೆ.

ಶೈಲಿ ಅನ್ನೋ ಪದ ಬರೆಯೋಕೆ ಮುಂಚೆ

‘ಅವರ ಶೈಲಿ’ ಅಂತ ಬರೆಯೋದು ಸುಲಭ, ಆದ್ರೆ ಯಾವ ಪುಸ್ತಕದ ಶೈಲಿ? ವೈಲ್ಡ್ ಥಿಂಗ್ಸ್‌ನಲ್ಲಿ ಮಸಿಯಲ್ಲಿ ಅಡ್ಡಗೀಟು ಓರೆಗೀಟು ಒಂದರ ಮೇಲೊಂದು ಎಳೆದು ನೆರಳು ಕಟ್ಟಿ ಅದರ ಜೊತೆ ತೆಳ್ಳಗೆ ಬಣ್ಣ ಹಚ್ಚಿದಾರೆ, ಹಳೇ ಕಾಲದ ಕೆತ್ತನೆ ಚಿತ್ರಗಳ ತರ. 1970ರ ‘ಇನ್ ದ ನೈಟ್ ಕಿಚನ್’ ತೆಗೆದ್ರೆ ಬೇರೆ ಮನುಷ್ಯ ಬಿಡಿಸಿದ ಹಾಗಿದೆ, ದಪ್ಪ ಗೆರೆ, ಕಾಮಿಕ್ಸ್ ತರ ಚೌಕಗಳು, ಮಾತಿನ ಗುಳ್ಳೆಗಳು, ಡಬ್ಬ ಬಾಟಲಿಗಳಿಂದಲೇ ಕಟ್ಟಿದ ನಗರ, ಮೂರು ಜನ ಬೇಕರಿಯವರ ಮುಖ ನೋಡಿದ್ರೆ ಹಳೇ ಸಿನಿಮಾ ಹಾಸ್ಯನಟ ಆಲಿವರ್ ಹಾರ್ಡಿ. ಅದು ವಿನ್ಸರ್ ಮೆಕೇ ಅನ್ನೋ ಹಳೇ ಕಾಮಿಕ್ಸ್ ಕಲಾವಿದನಿಗೆ ಹೊಡೆದ ಸಲಾಮು. 1981ರ ‘ಔಟ್‌ಸೈಡ್ ಓವರ್ ದೇರ್’ ಅಂತೂ ಜರ್ಮನಿಯ ಹಳೇ ವರ್ಣಚಿತ್ರಗಳ ತರ, ಮಕ್ಕಳ ಪಾದ ಕೂಡ ಭಾರವಾಗಿ ಕಾಣುತ್ತೆ. ಈ ಮೂರನ್ನ ಸೆಂಡಾಕ್ ಒಂದೇ ಮಾಲೆ ಅಂತ ಕರೆದಿದ್ರು. ಗೆರೆ ಮೂರು ತರ, ಆದ್ರೆ ಒಳಗಿರೋದು ಒಂದೇ, ಒಂದು ಮಗು ದೊಡ್ಡವರ ಸಹಾಯ ಇಲ್ದೆ ತನ್ನ ಕೋಪ, ಭಯ, ಹೊಟ್ಟೆಕಿಚ್ಚು ಹೇಗೋ ನಿಭಾಯಿಸಿ ಮನೆಗೆ ಬರೋದು. ಹಾಗಾಗಿ ನೀವು ಬರೀತಿರೋರ ಬಗ್ಗೆನೂ ಕನಿಷ್ಠ ಮೂರು ಪುಸ್ತಕ ಪಕ್ಕಪಕ್ಕ ತೆರೆದಿಟ್ಟು ಏನು ಬದಲಾಗಿದೆ ಏನು ಬದಲಾಗಿಲ್ಲ ಅಂತ ನೋಡಿ, ಬದಲಾಗದೇ ಇರೋದು ಚಿತ್ರದ ಗೆರೆಯಲ್ಲಿ ಇಲ್ದೇ ಇರಬಹುದು.

ಯಾವ ಸಾಧನದಲ್ಲಿ ಬಿಡಿಸಿದ್ದು ಅಂತ ಖಾತ್ರಿ ಇಲ್ದಿದ್ರೆ ಕಾಣಿಸೋದನ್ನ ಮಾತ್ರ ಹೇಳಿ. ಗೆರೆ ಒರಟಾಗಿದೆ, ಬಣ್ಣ ಅಂಚಲ್ಲಿ ಹರಡಿದೆ, ಇಷ್ಟು ಸಾಕು. ಗೊತ್ತಿಲ್ದೆ ಕ್ರೇಯಾನ್ ಅಂತ ಬರೆದು ಆಮೇಲೆ ಚಿತ್ರಕಾರರ ಕೈಲಿ ಉಗಿಸಿಕೊಳ್ಳೋದು ಯಾಕೆ.

ಜೀವನ ಚರಿತ್ರೆ, ಉಪ್ಪಿನಷ್ಟು

ಹುಟ್ಟಿದ್ದು ಬೆಳೆದಿದ್ದು ಎಲ್ಲ ತುಂಬಬೇಡಿ, ಪುಟದ ಮೇಲೆ ಕಾಣೋದಕ್ಕೆ ಸಂಬಂಧ ಇರೋದು ಮಾತ್ರ. ಸೆಂಡಾಕ್ ಮೊದಲು ಯೋಚಿಸಿದ್ದು ಕಾಡು ಕುದುರೆಗಳ ಬಗ್ಗೆ, ಹೆಸರು ಕೂಡ ಹಾಗೇ ಇತ್ತು, ಆದ್ರೆ ಕುದುರೆ ಬಿಡಿಸೋಕೆ ಸರಿಯಾಗಿ ಬರ್ತಿರ್ಲಿಲ್ಲ. ಕುದುರೆ ಹೋಗಿ ‘ಥಿಂಗ್ಸ್’ ಬಂತು, ಏನು ಬೇಕಾದ್ರೂ ಬಿಡಿಸಬಹುದು. ಆಗ ನೆನಪಾಗಿದ್ದು ಚಿಕ್ಕವರಿದ್ದಾಗ ಭಾನುವಾರ ಮನೆಗೆ ಊಟಕ್ಕೆ ಬರ್ತಿದ್ದ ನೆಂಟರು, ಹಳದಿ ಹಲ್ಲು, ಮೂಗಿನ ಕೂದಲು, ಕೆನ್ನೆ ಹಿಂಡಿ ಎಷ್ಟು ಮುದ್ದಾಗಿದೀಯಾ ತಿಂದೇಬಿಡ್ತೀನಿ ಅನ್ನೋರು. ಈಗ ಪುಸ್ತಕ ತೆರೆದ್ರೆ ಆ ಪ್ರಾಣಿಗಳ ಹಲ್ಲು, ಕಣ್ಣು, ನಿನ್ನ ಮೇಲೆ ಪ್ರೀತಿ ಇದೆ ಅದಕ್ಕೇ ತಿಂತೀವಿ ಅನ್ನೋ ಅವುಗಳ ಮಾತು, ಎಲ್ಲಾ ಕೂಡಿ ಬರುತ್ತೆ. ಇಂಥ ವಿಷಯ ಹಾಕಿ. 1932ರಲ್ಲಿ ವಿಮಾನ ಹಾರಾಟದಲ್ಲಿ ಹೆಸರು ಮಾಡಿದ್ದ ಲಿಂಡ್‌ಬರ್ಗ್ ಅವರ ಮಗುವನ್ನ ಯಾರೋ ಮನೆಯಿಂದ ಕದ್ದೊಯ್ದು ಅದು ಸತ್ತು ಸಿಕ್ಕಿತ್ತು, ಆಗ ಸೆಂಡಾಕ್‌ಗೆ ನಾಲ್ಕು ವರ್ಷ ಕೂಡ ತುಂಬಿರ್ಲಿಲ್ಲ, ಅಷ್ಟು ಶ್ರೀಮಂತರ ಮಗುನೇ ಸಾಯಬಹುದು ಅಂದ್ರೆ ನನ್ನ ಗತಿ ಏನು ಅನ್ನೋ ಭಯ ಬಾಳಿನುದ್ದಕ್ಕೂ ಉಳೀತು ಅಂತ ಎಷ್ಟೋ ಸಲ ಹೇಳಿದಾರೆ. 1981ರ ಪುಸ್ತಕದಲ್ಲಿ ಕಿಟಕಿಯಿಂದ ಬಂದು ಪಾಪುನ ಕದ್ದೊಯ್ಯೋದು ಅಲ್ಲಿಂದ ಬಂದಿದ್ದು. ಇದೂ ಪುಟದ ಮೇಲಿದೆ, ಹಾಕಬಹುದು. ಉಳಿದಿದ್ದು ಬಿಡಿ.

ಯಾರು ಏನಂದ್ರು ಅನ್ನೋದು

ಈಗ ಸ್ವೀಕಾರದ ವಿಷಯ, ಅಂದ್ರೆ ಪುಸ್ತಕಾನ ಜಗತ್ತು ಹೇಗೆ ತಗೊಂಡ್ತು. ಇಲ್ಲಿ ಜನ ಮಾಡೋ ದೊಡ್ಡ ತಪ್ಪು ಎಲ್ಲರ ಮಾತನ್ನೂ ಒಂದೇ ಬುಟ್ಟಿಗೆ ಹಾಕೋದು. ಪ್ರತಿ ಅಭಿಪ್ರಾಯಕ್ಕೂ ಮೂರು ಪ್ರಶ್ನೆ ಕೇಳಿ: ಯಾವಾಗ ಹೇಳಿದ್ದು, ಯಾರು ಹೇಳಿದ್ದು, ಹೇಳಿದವರು ಪುಸ್ತಕ ತೆರೆದಿದ್ರಾ?

ಮೂರನೇ ಪ್ರಶ್ನೆ ತಮಾಷೆಗೆ ಅಲ್ಲ. 1969ರ ಮಾರ್ಚ್‌ನಲ್ಲಿ ಲೇಡೀಸ್ ಹೋಮ್ ಜರ್ನಲ್ ಅನ್ನೋ ಪತ್ರಿಕೆಯಲ್ಲಿ ಆಗಿನ ಹೆಸರಾಂತ ಮನೋವಿಜ್ಞಾನಿ ಬ್ರೂನೋ ಬೆಟಲ್‌ಹೈಮ್ ವೈಲ್ಡ್ ಥಿಂಗ್ಸ್‌ನ ಟೀಕಿಸಿದ್ರು. ಊಟ ಕೊಡದೇ ಮಗುನ ಮಲಗೋಕೆ ಕಳಿಸೋದು ಮಗುವಿಗೆ ಅಮ್ಮ ಕೈಬಿಟ್ಟ ಹಾಗೆ, ಅದಕ್ಕಿಂತ ದೊಡ್ಡ ಭಯ ಇಲ್ಲ ಅನ್ನೋದು ಅವರ ವಾದ. ಆದ್ರೆ ಅವರು ಪುಸ್ತಕ ನೋಡಿರ್ಲಿಲ್ಲ, ತಾಯಂದಿರು ಹೇಳಿದ್ದನ್ನ ಕೇಳಿ ಮಾತಾಡಿದ್ದು. ನೋಡಿದ್ದಿದ್ರೆ ಕೊನೇ ಪುಟದ ಬಿಸಿ ಊಟ ಅವರ ವಾದಕ್ಕೆ ಎದುರುತ್ತರ ಕೊಡ್ತಿತ್ತು. ಕೊಡದೇನೂ ಇರಬಹುದಿತ್ತು, ಆದ್ರೆ ವಾದ ಬೇರೆ ತರ ಆಗ್ತಿತ್ತು. ನಾನು ನೆನಪಿಂದ ಇಲ್ಲದ ಅಮ್ಮನ್ನ ಬಿಡಿಸಿದೆ, ಅವರು ಕೇಳಿದ ಮಾತಿಂದ ಇರೋ ಅಮ್ಮನ್ನ ಅಳಿಸಿದ್ರು, ಇಬ್ಬರದ್ದೂ ಒಂದೇ ರೋಗ. ಇಂಥದ್ದು ಸಿಕ್ಕಾಗ ಟೀಕೆ ಬಂತು ಅಂತ ಒಂದು ಸಾಲು ಬರೆದು ಮುಂದೆ ಹೋಗಬೇಡಿ, ಟೀಕೆ ಯಾವ ಪುಟದ ಮೇಲೆ ಅಂತ ಹುಡುಕಿ ಆ ಪುಟಕ್ಕೆ ವಾಪಸ್ ಹೋಗಿ ನೋಡಿ.

‘ಯಾವಾಗ’ ಅನ್ನೋದು ಯಾಕೆ ಬೇಕು ಅಂದ್ರೆ, ಇವತ್ತು ಎಲ್ಲರೂ ಅದನ್ನ ಕ್ಲಾಸಿಕ್ ಅಂತಾರೆ, ಹಾಗಾಗಿ ಮೊದಲಿಂದ ಎಲ್ಲರೂ ತಬ್ಬಿಕೊಂಡ್ರು ಅಂತ ಬರೆಯೋ ಆಸೆ ಆಗುತ್ತೆ. ಪುಸ್ತಕ ಬಂದ ವರ್ಷದ ವಿಮರ್ಶೆಗಳನ್ನ ಹುಡುಕಿ ಓದಿದ್ರೆ ಚಿತ್ರ ಅದ್ಭುತ ಆದ್ರೆ ಸೂಕ್ಷ್ಮ ಮಕ್ಕಳು ಹೆದರ್ತಾರೇನೋ ಅನ್ನೋ ಅನುಮಾನ ಎದ್ದು ಕಾಣುತ್ತೆ. ಅದೇ ಹೊತ್ತಲ್ಲಿ 1964ರಲ್ಲಿ ಕ್ಯಾಲ್ಡೆಕಾಟ್ ಪದಕಾನೂ ಬಂತು. ಎರಡೂ ನಿಜ, ಎರಡನ್ನೂ ಹಾಕಿ.

ಪ್ರಶಸ್ತಿ ಬಗ್ಗೆ ಬರೆಯುವಾಗ ಅದು ಯಾವುದಕ್ಕೆ ಕೊಡೋದು ಅಂತ ತಿಳ್ಕೊಂಡು ಬರೀರಿ. ಕ್ಯಾಲ್ಡೆಕಾಟ್ ಪದಕ 1938ರಿಂದ ಅಮೆರಿಕದ ಲೈಬ್ರರಿ ಸಂಘದವರು ಕೊಡ್ತಿರೋದು, ಹಿಂದಿನ ವರ್ಷ ಅಲ್ಲಿ ಪ್ರಕಟ ಆದ ಒಂದು ಪಿಕ್ಚರ್ ಬುಕ್‌ನ ಚಿತ್ರಕಾರರಿಗೆ, ಬರಹಗಾರರಿಗಲ್ಲ. ಅದಕ್ಕೇ ಪುಸ್ತಕ 1963, ಪದಕ 1964. ಇದನ್ನ ಅದಲು ಬದಲು ಮಾಡಿದ ಲೇಖನ ಎಷ್ಟು ನೋಡಿದೀನೋ ಲೆಕ್ಕ ಇಲ್ಲ. ಪದಕ ಸಿಗದೇ ಗೌರವ ಪಟ್ಟಿಯಲ್ಲಿ ಬಂದ ಪುಸ್ತಕಗಳು ಬೇರೆ, ನೈಟ್ ಕಿಚನ್‌ಗೆ ಬಂದಿದ್ದು ಆ ಗೌರವ. 1970ರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ, 2003ರಲ್ಲಿ ಮೊದಲ ಸಲ ಕೊಟ್ಟಾಗ ಇನ್ನೊಬ್ಬರ ಜೊತೆ ಹಂಚಿಕೊಂಡ ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಪ್ರಶಸ್ತಿ, ಇವೆಲ್ಲ ಒಂದು ಪುಸ್ತಕಕ್ಕಲ್ಲ, ಒಟ್ಟು ಕೆಲಸಕ್ಕೆ. ವ್ಯತ್ಯಾಸ ಗೊತ್ತಿದ್ರೆ ಸಾಕು, ಎಲ್ಲವನ್ನೂ ಪಟ್ಟಿ ಮಾಡೋ ಅಗತ್ಯ ಇಲ್ಲ.

ಗಲಾಟೆಗಳು ಪ್ರಶಸ್ತಿಗಿಂತ ಜಾಸ್ತಿ ಹೇಳ್ತವೆ. ನೈಟ್ ಕಿಚನ್‌ನಲ್ಲಿ ಮಿಕ್ಕಿ ಅನ್ನೋ ಪುಟ್ಟ ಹುಡುಗ ನಿದ್ದೆಯಲ್ಲಿ ಕೆಳಗೆ ಬೀಳ್ತಾ ಬಟ್ಟೆ ಕಳಚಿ ಬರೀ ಮೈಯಲ್ಲಿ ಕೇಕ್ ಹಿಟ್ಟಿಗೆ ಬೀಳ್ತಾನೆ. ಅಲ್ಲಿನ ಕೆಲವು ಲೈಬ್ರರಿಗಳಲ್ಲಿ ಸಿಬ್ಬಂದಿ ಬ್ರಷ್ ತಗೊಂಡು ಆ ಹುಡುಗನಿಗೆ ಡೈಪರ್ ಬಳಿದ್ರು, ನಿಜವಾಗ್ಲೂ ಬಣ್ಣ ಬಳಿದ್ರು ಕಣ್ರೀ, ನಾರ್ಡ್‌ಸ್ಟ್ರಾಮ್ ಇದನ್ನ ಬಹಿರಂಗವಾಗಿ ಖಂಡಿಸಿದ್ರು, ಆದ್ರೂ 1990ರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿಯಲ್ಲಿ ಅದು ಇತ್ತು. ಬರೆಯೋರು ಇಲ್ಲಿ ಮಾಡಬೇಕಾದ್ದು, ಪರ ವಿರೋಧ ಎರಡು ಸಾಲು ಬರೆದು ಕೈ ತೊಳ್ಕೊಳ್ಳೋದಲ್ಲ, ಮತ್ತೆ ಪುಟಕ್ಕೆ ಹೋಗಿ ಡೈಪರ್ ಹಾಕಿದ್ರೆ ಕಥೆಗೆ ಏನಾಗುತ್ತೆ ಅಂತ ಕೇಳೋದು. ಬಟ್ಟೆ ಕಳಚೋದು ಎಚ್ಚರದ ಮನೆಯಿಂದ ಕನಸಿನ ಅಡುಗೆಮನೆಗೆ ಇಳಿಯೋ ಮೆಟ್ಟಿಲು, ಆಮೇಲೆ ಅವನು ಹಿಟ್ಟಿನದೇ ಬಟ್ಟೆ ತೊಟ್ಕೊಳ್ತಾನೆ, ಹಾಲಿನಲ್ಲಿ ಅದೂ ಕರಗುತ್ತೆ. ಡೈಪರ್ ಬಳಿದ್ರೆ ಕಳಚೋದೂ ಇಲ್ಲ ತೊಡೋದೂ ಇಲ್ಲ, ಲಯ ಸತ್ತೋಯ್ತು. ಇದು ನನ್ನ ಅಭಿಪ್ರಾಯ, ನಿಮಗೆ ಬೇರೆ ಅನ್ನಿಸಬಹುದು, ಆದ್ರೆ ಪುಟ ತೋರಿಸಿ ಅನ್ನಿ.

ಸಿನಿಮಾ, ಒಪೆರಾ ಇವನ್ನ ಬೇರೆ ಹಾಳೆಯಲ್ಲಿಡಿ. 2009ರ ಸಿನಿಮಾ ನೋಡಿ ಪುಸ್ತಕದ ಬಗ್ಗೆ ಬರೆದವರಿದಾರೆ. ಆ ಪ್ರಾಣಿಗಳಿಗೆ ಹೆಸರಿದೆ ಅಂತ ಬರೆದಿರೋದನ್ನೂ ನೋಡ್ತೀರಿ, ಮೋಯ್ಶೆ, ಬರ್ನಾರ್ಡ್ ಅಂತೆಲ್ಲ, ಅದು ಒಪೆರಾ ಮಾಡುವಾಗ ಸೆಂಡಾಕ್ ನೆಂಟರ ಹೆಸರಿಂದ ಇಟ್ಟಿದ್ದು, ಪುಸ್ತಕದಲ್ಲಿ ಒಂದಕ್ಕೂ ಹೆಸರಿಲ್ಲ. ಹಾಗೇ ಹಿಂಬದಿ ಕವರ್ ಮೇಲಿನ ಹೊಗಳಿಕೆ ವಿಮರ್ಶೆ ಅಲ್ಲ, ಮಾರಾಟದ ಮಾತು. ಆನ್‌ಲೈನ್ ಸ್ಟಾರ್ ಕೊಡೋರು ಅಪ್ಪ ಅಮ್ಮಂದಿರು, ಮಕ್ಕಳಲ್ಲ.

ಮಕ್ಕಳು ಏನಂದ್ರು

ಪುಸ್ತಕ ಯಾರಿಗೆ ಮಾಡಿದ್ದೋ ಅವರ ಅಭಿಪ್ರಾಯ ಎಲ್ಲೂ ಪ್ರಿಂಟ್ ಆಗಿರಲ್ಲ, ಇದೇ ಕಷ್ಟ. ಸೆಂಡಾಕ್ ತಾವೇ ಹೇಳ್ತಿದ್ದ ಒಂದು ಘಟನೆ ಇದೆ, ಜಿಮ್ ಅನ್ನೋ ಹುಡುಗ ಪತ್ರ ಬರೆದಿದ್ದ, ಇವರು ಕಾರ್ಡ್ ಮೇಲೆ ಒಂದು ಪ್ರಾಣಿ ಚಿತ್ರ ಬಿಡಿಸಿ ಕಳಿಸಿದ್ರು, ಅವನ ಅಮ್ಮ ವಾಪಸ್ ಬರೆದ್ರಂತೆ, ಜಿಮ್‌ಗೆ ನಿಮ್ಮ ಕಾರ್ಡ್ ಎಷ್ಟು ಇಷ್ಟ ಆಯ್ತು ಅಂದ್ರೆ ಅದನ್ನ ತಿಂದೇಬಿಟ್ಟ ಅಂತ. ತನಗೆ ಸಿಕ್ಕ ದೊಡ್ಡ ಮೆಚ್ಚುಗೆಗಳಲ್ಲಿ ಅದೂ ಒಂದು ಅಂತಿದ್ರು. ಪ್ರೀತಿ ಇದೆ ಅದಕ್ಕೇ ತಿಂತೀವಿ ಅಂತ ಆ ಪುಸ್ತಕದ ಪ್ರಾಣಿಗಳು ಹೇಳಿದ್ದನ್ನ ಹುಡುಗ ಮಾಡಿ ತೋರಿಸಿದ.

ನೀವೇ ಒಂದು ಮಗುವಿಗೆ ಓದಿ ಹೇಳಿ. ಓದಿದ್ಮೇಲೆ ‘ಏನು ಕಲಿತೆ ಪುಟ್ಟಾ’ ಅಂತ ದಯವಿಟ್ಟು ಕೇಳಬೇಡಿ, ಮಕ್ಕಳು ನಮಗೆ ಬೇಕಾದ ಉತ್ತರ ಕೊಟ್ಟು ಓಡ್ತಾರೆ. ಬಾಯಿ ಮುಚ್ಕೊಂಡು ಕೈ ಎಲ್ಲಿ ಹೋಗುತ್ತೆ ನೋಡಿ. ಯಾವ ಪುಟ ಬೇಗ ತಿರುಗಿಸ್ತು, ಯಾವ ಪುಟದಿಂದ ಹಿಂದಕ್ಕೆ ಹೋಯ್ತು, ಎಲ್ಲಿ ನಿಮ್ಮ ಕೈ ತಡೀತು. ನನ್ನ ಅಕ್ಕನ ಮಗಳಿಗೆ ಐದು ವರ್ಷ ಇದ್ದಾಗ ಓದಿದ್ದು, ಮಾತಿಲ್ಲದ ಆ ಆರು ಪುಟ ಬಂದಾಗ ನಾನು ಸುಮ್ಮನಾದೆ, ಅವಳು ಸುಮ್ಮನಿರ್ಲಿಲ್ಲ, ಮೊದಲ ಸ್ಪ್ರೆಡ್‌ಗೆ ಹೋ ಅಂದ್ಲು, ಎರಡನೇದಕ್ಕೆ ಮಂಚದ ಮೇಲೆ ನಿಂತ್ಲು. ದೊಡ್ಡವರ ಮಾತು ನಿಂತ ಜಾಗದಲ್ಲಿ ಮಗು ಮಾತು ಶುರು ಮಾಡ್ತು. ಹೆದರಿಕೆ ಆಯ್ತಾ ಅಂತ ನಾನು ಕೇಳಲಿಲ್ಲ, ಅವಳೇ ಆ ದೊಡ್ಡ ಕೊಂಬಿನ ಪ್ರಾಣಿಯ ಪಾದ ತೋರಿಸಿ ‘ಚಿಕ್ಕಮ್ಮ, ಇದರ ಕಾಲು ಮನುಷ್ಯರದ್ದು’ ಅಂದ್ಲು. ಕವರ್ ಮೇಲೂ ಇರೋ ಚಿತ್ರ ಅದು, ಬರಿಗಾಲು, ಐದು ಬೆರಳು, ನಾನು ಅಷ್ಟು ವರ್ಷ ನೋಡಿಯೂ ನೋಡಿರ್ಲಿಲ್ಲ. ಒಂದು ಮಗು ನೋಡಿ ಎಲ್ಲಾ ಮಕ್ಕಳೂ ಹೀಗೇ ಅಂತ ಬರೆಯೋ ಹಾಗಿಲ್ಲ ಅನ್ನೋದು ನೆನಪಿರಲಿ. ಒಂದು ಮಗು ಹೀಗೆ ಮಾಡ್ತು ಅಂತ ಬರೆದ್ರೆ ಸಾಕು. ಮಗುವಿನ ಹೆಸರು, ಶಾಲೆ, ಫೋಟೋ ಯಾವುದೂ ಹಾಕಬೇಡಿ.

ಬರೆಯುವಾಗ

ಕಥೆ ಮೂರು ಸಾಲಿಗಿಂತ ಜಾಸ್ತಿ ಬೇಡ. ಒಂದು ಸ್ಪ್ರೆಡ್ ಆರಿಸ್ಕೊಳ್ಳಿ, ಪುಸ್ತಕ ನೋಡದೇ ಇರೋರಿಗೂ ಕಣ್ಣಿಗೆ ಕಟ್ಟೋ ಹಾಗೆ ಬರೀರಿ, ಲೇಖನದ ಮೂರನೇ ಒಂದು ಭಾಗ ಅದಕ್ಕೇ ಹೋದ್ರೂ ಪರವಾಗಿಲ್ಲ. ‘ಚಿತ್ರಗಳು ಮನಮೋಹಕ’ ಅಂತ ಬರೆದಿದ್ರೆ ಹೊಡೆದು ಹಾಕಿ ‘ಕಾಡು ಬೆಳೆದ ಹಾಗೆ ಬಿಳಿ ಅಂಚು ಮಾಯ ಆಗುತ್ತೆ’ ಅಂತ ಬರೀರಿ, ಮನಮೋಹಕ ಹೌದೋ ಅಲ್ವೋ ಓದೋರು ತೀರ್ಮಾನ ಮಾಡ್ಕೊಳ್ತಾರೆ. ಪುಟಗಳ ಫೋಟೋ ಸಿಕ್ಕಾಪಟ್ಟೆ ಹಾಕಬೇಡಿ, ಪಿಕ್ಚರ್ ಬುಕ್‌ನಲ್ಲಿ ಹತ್ತು ಪುಟ ತೋರಿಸಿದ್ರೆ ಕಾಲುಭಾಗಕ್ಕಿಂತ ಜಾಸ್ತಿ ಪುಸ್ತಕ ಪುಕ್ಕಟೆ ಕೊಟ್ಟ ಹಾಗೆ, ಹಕ್ಕಿನ ತಕರಾರೂ ಬರುತ್ತೆ, ಕವರ್ ಜೊತೆ ಒಂದು ಪುಟ ಹಾಕೋದಕ್ಕೂ ಪ್ರಕಾಶಕರನ್ನ ಕೇಳಿ ಹಾಕೋದು ಒಳ್ಳೇದು.

ಡ್ರಾಫ್ಟ್ ಆದ್ಮೇಲೆ ‘ಚಿತ್ರದಲ್ಲಿ’ ಅಂತ ಬರೆದ ಪ್ರತಿ ವಾಕ್ಯಕ್ಕೂ ಪೆನ್ಸಿಲ್‌ನಲ್ಲಿ ಪುಟದ ನಂಬರ್ ಹಾಕ್ಕೊಂಡು ಹೋಗಿ, ಶುರುವಿನಲ್ಲಿ ಹಾಕಿಟ್ಟ ನಂಬರ್ ಈಗ ಕೆಲಸಕ್ಕೆ ಬರೋದು. ಯಾವ ವಾಕ್ಯಕ್ಕೆ ನಂಬರ್ ಸಿಗಲ್ವೋ ಅದನ್ನ ನೀವೇ ಬಿಡಿಸಿರೋದು, ತೆಗೀರಿ. ನನ್ನ ಹಳೇ ಲೇಖನಕ್ಕೆ ಆಮೇಲೆ ಹೀಗೆ ಮಾಡಿ ನೋಡಿದಾಗ ಅಮ್ಮನ ಜೊತೆ ಇನ್ನೂ ಎರಡು ಹೋದವು.